ಈ ಓಣಿಯಲ್ಲಿ ಎಲ್ಲರೂ ಗಟ್ಟಿಮುಟ್ಟು

ತಟ್ಟೆಯ ಮೇಲೆ ಸೌಟು ಮೂರು ಸಲ ಬಿತ್ತೆಂದರೆ ಸಾಕು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಆ ಓಣಿ ಬೇರೆಯೇ ಓಣಿಯಾಗಿಬಿಡುತ್ತಿತ್ತು. ಹೊಲಿಗೆ ಯಂತ್ರಗಳು ಮಂಚದ ಕೆಳಗೆ ಸರಿಯುತ್ತಿದ್ದವು. ಮೂರನೆಯ ಮನೆಯಲ್ಲಿ ಉಳಿದುಕೊಂಡಿದ್ದ ಇಬ್ಬರು ಹಮಾಲರು ಹಿಂದಿನ ಕಿಟಕಿಯಿಂದ ಧುಮುಕಿ, ಗಾಜಿನ ಕಾರ್ಖಾನೆಯ ಗೋಡೆಗೆ ಆತುಕೊಂಡು ಬಸ್ಸಿಗೆ ಕಾಯುವವರ ಹಾಗೆ ನಿಲ್ಲುತ್ತಿದ್ದರು. ಆ ಗೋಡೆಯ ಹತ್ತಿರ ಇವತ್ತಿನವರೆಗೆ ಒಂದು ಬಸ್ಸೂ ಸುಳಿದಿರಲಿಲ್ಲ. ಕೆಮ್ಮುವ ಮುದುಕರ ಕೈಗೆ ನೀರಿನ ಲೋಟ ಬರುತ್ತಿತ್ತು. ನಲ್ಲಿಯ ಹತ್ತಿರ ಜುಟ್ಟು ಜುಟ್ಟು ಹಿಡಿದಿದ್ದ ಹೆಂಗಸರು ಕೂಡ "ಉಳಿದಿದ್ದು ಆಮೇಲೆ ನೋಡ್ಕೋತೀನಿ" ಎಂದು ಕೈಬಿಟ್ಟು, ಒಡಹುಟ್ಟಿದವರಂತೆ ಸಾಲಾಗಿ ನಿಲ್ಲುತ್ತಿದ್ದರು. ಲೆಕ್ಕ ಬರೆದುಕೊಳ್ಳಲು ಪುಸ್ತಕ ಹಿಡಿದು ಬಂದ ಸರ್ಕಾರದವರಿಗೆ ಕಾಣುತ್ತಿದ್ದದ್ದು ಇಷ್ಟೇ: ಮನೆಗೆ ಮೂರು ನಾಲ್ಕು ಜನ, ಎಲ್ಲರೂ ಚೆನ್ನಾಗಿದ್ದಾರೆ, ಯಾರಿಗೂ ಏನೂ ಬೇಕಾಗಿಲ್ಲ.

ಈ ಬುದ್ಧಿ ಅವರಿಗೆ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಒಬ್ಬ ನಯವಾದ ಮನುಷ್ಯ ಪುಸ್ತಕ ಹಿಡಿದು ಬಂದಿದ್ದ. ಮನೆಮನೆಯಲ್ಲೂ ಟೀ ಕುಡಿದ, ಹೊಲಿಗೆ ಯಂತ್ರಗಳನ್ನು ಹೊಗಳಿದ, ಎಷ್ಟಿವೆ ಎಂದು ಬರೆದುಕೊಂಡ. ತಿಂಗಳಾಗುವುದರೊಳಗೆ, ವಾಸದ ಮನೆಯ ಕರೆಂಟಿನಲ್ಲಿ ಕಸುಬು ಮಾಡುತ್ತೀರಿ ಎಂದು ಇಡೀ ಓಣಿಯ ತಂತಿ ಕತ್ತರಿಸಿದರು. ಎರಡನೆಯ ಸಲ ಬಂದವಳು ಯಾರ ಮನೆಯಲ್ಲಿ ಎಷ್ಟು ಜನ ಮಲಗುತ್ತೀರಿ ಎಂದು ಕೇಳಿದಳು. ಕೋಣೆಗಳು ನಗರಸಭೆಯವು, ಪತ್ರದಲ್ಲಿ ಹೆಸರಿದ್ದವರು ಮಾತ್ರ ಇರಬೇಕು. ಅತ್ತೆಮಾವನನ್ನು ಕರೆತಂದು ಇಟ್ಟುಕೊಂಡಿದ್ದ ಬುಟ್ಟಿ ಹೆಣೆಯುವವನ ಕೋಣೆಗೆ ಬೀಗ ಬಿತ್ತು. ಮೂರನೆಯ ಸಲ ಕೆಮ್ಮಿನ ಸರದಿ. ಕೆಮ್ಮುವವರ ಬಾಗಿಲಿಗೆ ಸೀಮೆಸುಣ್ಣದ ಗುರುತು ಹಾಕಿ ಹೋದರು. ಔಷಧಿ ಬರಲಿಲ್ಲ, ಆದರೆ ಆ ಮನೆಗಳ ಹೆಂಗಸರನ್ನು ದೊಡ್ಡ ಮನೆಗಳವರು ಕೆಲಸದಿಂದ ಬಿಡಿಸಿದರು. ಮೂರು ಸಲ ಕೈ ಸುಟ್ಟುಕೊಂಡ ಮೇಲೆ ಓಣಿ ತನ್ನದೇ ಒಂದು ಕಟ್ಟಳೆ ಮಾಡಿಕೊಂಡಿತು. ಪುಸ್ತಕ ಕಂಡರೆ ತಟ್ಟೆ ಬಡಿಯಬೇಕು, ಕೇಳಿದ್ದಕ್ಕೆಲ್ಲ ಇಲ್ಲ ಎನ್ನಬೇಕು, ಒಂದು ಮನೆಯ ಗುಟ್ಟು ಎಲ್ಲ ಮನೆಯ ಗುಟ್ಟು.

ಈ ಕಟ್ಟಳೆ ಮಾಡಿದವಳು, ಅದನ್ನು ಹುಡುಗರಿಗೆ ಮಗ್ಗಿ ಕಲಿಸಿದಂತೆ ಓಣಿಗೆಲ್ಲ ಕಲಿಸಿದವಳು ಗುಂಡಿಯಕ್ಕ. ಕಾರ್ಖಾನೆಯಿಂದ ಬಂದ ಅಂಗಿಗಳಿಗೆ ಕೂತಲ್ಲೇ ಗುಂಡಿ ಹೊಲಿಯುವುದು ಅವಳ ಕೆಲಸ. ಗಂಡ ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ, ಕೋಣೆಯ ಪತ್ರದಲ್ಲಿ ಅವಳದೊಂದೇ ಹೆಸರು. ಬಾಯಲ್ಲಿ ಯಾವಾಗಲೂ ಒಂದೆಳೆ ದಾರ ಇರುತ್ತಿತ್ತು. ದಾರ ತೆಗೆದು ಮಾತಿಗೆ ನಿಂತಳೆಂದರೆ ಎಂಥ ಅಧಿಕಾರಿಯೂ ನಾಲ್ಕನೆಯ ಪ್ರಶ್ನೆಗೆ ಹೋದದ್ದಿಲ್ಲ. ಓಣಿಗೆ ಹೊಸದಾಗಿ ಬಂದ ಸೊಸೆಯಂದಿರನ್ನು ನಲ್ಲಿಯ ಹತ್ತಿರ ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದಳು.

"ಏನು ಕೇಳಿದ್ರೂ ಮೊದ್ಲು ನಗು. ಆಮೇಲೆ ಇಲ್ಲ ಅನ್ನು. ಇಲ್ಲ ಅಂದ್ರೂ ಬಿಡಲಿಲ್ವಾ, ಸತ್ತೋದ್ರು ಅಂದುಬಿಡು. ಸತ್ತೋರ ಬಗ್ಗೆ ಯಾರೂ ಎರಡನೇ ಮಾತು ಕೇಳಲ್ಲ."

ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಗುಂಡಿಯಕ್ಕನಿಗೂ ತನ್ನ ಜಾಣತನದ ಮೇಲೆ ಒಳಗೊಳಗೇ ಹೆಮ್ಮೆ ಇತ್ತು, ಸುಳ್ಳೇಕೆ ಹೇಳಬೇಕು.

ಆದರೆ ಆ ಓಣಿಯ ಎಲ್ಲ ಗುಟ್ಟುಗಳಲ್ಲಿ ದೊಡ್ಡದು ಅವಳ ಮನೆಯಲ್ಲೇ ಮಲಗಿತ್ತು. ಅದು ಅವಳ ತಮ್ಮ. ಎತ್ತರದ ಕಟ್ಟಡಗಳ ಹೊರಗೋಡೆಗೆ ಹಗ್ಗದ ಹಲಗೆಯಲ್ಲಿ ಕೂತು ಬಣ್ಣ ಬಳಿಯುತ್ತಿದ್ದವನು. ಎರಡು ವರ್ಷದ ಹಿಂದೆ ಹಗ್ಗ ಜಾರಿ ಬಿದ್ದ. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವನಿಗೆ ಮನೆ ಎಂಬುದು ಇದ್ದರೆ ತಾನೆ? ಅಕ್ಕ ತಂದು ತನ್ನ ಕೋಣೆಯ ಮೂಲೆಯಲ್ಲಿ ಮಂಚ ಹಾಕಿದಳು. ನಾಲ್ಕು ಜನ ಸೇರಿ ಅವನನ್ನು ಹೊತ್ತು ತಂದಾಗ ಆ ಇಕ್ಕಟ್ಟಿನ ಓಣಿಯ ಎರಡು ತಿರುವುಗಳಲ್ಲಿ ಅವನ ತಲೆ ಗೋಡೆಗೆ ಬಡಿದಿತ್ತು. "ಇನ್ನು ಹೊರಗೆ ಹೊರೋದಾದ್ರೆ ಒಂದೇ ಸಲ ಹೊರಿ" ಎಂದು ಅವತ್ತೇ ಹೇಳಿಬಿಟ್ಟಿದ್ದ. ಆಮೇಲೆ ಅವನು ಬಾಗಿಲು ದಾಟಿರಲಿಲ್ಲ.

ತಟ್ಟೆ ಬಡಿದಾಗಲೆಲ್ಲ ಗುಂಡಿಯಕ್ಕ ಮಂಚವನ್ನು ಗೋಡೆಗೆ ಒತ್ತರಿಸಿ, ಮುಂದೆ ಅಂಗಿಯ ಗಂಟುಗಳನ್ನು ಎದೆಮಟ್ಟ ಒಟ್ಟಿಬಿಡುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಅಂಗಿಯ ಗುಡ್ಡ, ಅಷ್ಟೇ. ಗುಡ್ಡದ ಹಿಂದಿನಿಂದ ತಮ್ಮನ ಪಿಸುಮಾತು ಬರುತ್ತಿತ್ತು.

"ಎಲ್ರೂ ಕಾಲಿಗೆ ಬುದ್ಧಿ ಹೇಳಿ ಓಡ್ತಾರೆ. ನನ್ನ ಕಾಲಿಗೆ ಎಷ್ಟು ಬುದ್ಧಿ ಹೇಳಿದ್ರೂ ಕೇಳ್ತಾನೇ ಇಲ್ಲ ನೋಡಕ್ಕ."

"ಬಾಯಿ ಮುಚ್ಕೊಂಡು ಬಿದ್ಕೊಳೋ."

"ಬಿದ್ದೇ ಇದೀನಲ್ಲ."

ಅವನದು ಅಂಥ ಬಾಯಿ. ಅವನು ಅತ್ತದ್ದನ್ನು ಅವಳು ಒಂದೇ ಸಲ ನೋಡಿದ್ದಳು. ಆರು ತಿಂಗಳಲ್ಲಿ ಎದ್ದು ಓಡಾಡುತ್ತೀಯ ಎಂದು ಆಸ್ಪತ್ರೆಯಲ್ಲಿ ಯಾರೋ ಒಬ್ಬ ಡಾಕ್ಟರು ಸಮಾಧಾನಕ್ಕೆ ಹೇಳಿದ್ದನ್ನು ಇವನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಬೆರಳು ಮಡಚಿ ತಿಂಗಳು ಎಣಿಸಿದ. ಆರು ಮುಗಿದ ದಿನ ಗೋಡೆಯ ಕಡೆ ತಿರುಗಿ ಹೆಗಲು ಕುಲುಕಿಸುತ್ತ ಅತ್ತ. ಇನ್ನು ಇವನಿಗೆ ಕೈಗೆ ಬರದ ಯಾವ ಆಸೆಯನ್ನೂ ತೋರಿಸಬಾರದು ಎಂದು ಅವಳು ಅವತ್ತು ತೀರ್ಮಾನಿಸಿದಳು. ಆ ತೀರ್ಮಾನವೇ ಮುಂದೆ ಅವಳ ಕುತ್ತಿಗೆಗೆ ಬಂತು.

ಅವನಿಗೆ ಉಳಿದಿದ್ದ ಆಸೆ ಒಂದೇ, ಅದೂ ಚಿಕ್ಕದು. ಓಣಿಯ ಬಾಯಲ್ಲಿ, ನಲ್ಲಿಯ ಹತ್ತಿರ ನಿಂತರೆ ಅವನು ಕೊನೆಗೆ ಬಣ್ಣ ಬಳಿಯುತ್ತಿದ್ದ ಕಟ್ಟಡದ ತುದಿ ಕಾಣುತ್ತಿತ್ತು. ಹದಿನಾಲ್ಕು ಅಂತಸ್ತು, ಬಿಳಿ ಗೋಡೆ, ಮೇಲೆ ಸುತ್ತಲೂ ಒಂದು ನೀಲಿ ಪಟ್ಟಿ. ಆ ಪಟ್ಟಿಯ ಕೊನೆಯ ಎರಡು ಮಾರು ಉಳಿದಿದ್ದಾಗ ಅವನು ಬಿದ್ದದ್ದು.

"ಅಕ್ಕಾ, ಮುಗಿಸಿದಾರಾ ಅದನ್ನ?"

"ಮುಗಿಸಿದಾರೆ ಮಾರಾಯ. ನೂರು ಸಲ ಹೇಳಿದೀನಿ."

"ಯಾವ ನೀಲಿ? ನಾನು ಕಲಸಿದ್ದ ನೀಲೀನಾ, ಇಲ್ಲ ಡಬ್ಬದಿಂದ ಹಾಗೇ ಸುರಿದಿದ್ದಾ?"

"ನೀಲಿ ನೀಲೀನೇ."

"ಅದಕ್ಕೇ ನಿನ್ನನ್ನ ಗುಂಡಿ ಹೊಲಿಯೋಕೆ ಬಿಟ್ಟಿರೋದು" ಎಂದು ನಗುತ್ತಿದ್ದ. ನಕ್ಕು ಮುಗಿದ ಮೇಲೆ, "ಒಂದು ಸಲ ನಲ್ಲಿ ಹತ್ರ ಹೋಗಿ ನೋಡಿದ್ರೆ ಗೊತ್ತಾಗೋದು" ಎನ್ನುತ್ತಿದ್ದ.

ಪುಸ್ತಕ ಹಿಡಿದ ಹುಡುಗಿ ಬಂದದ್ದು ಹೀಗಿರುವಾಗ, ಒಂದು ಬೆಳಿಗ್ಗೆ. ಇನ್ನೂ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು, ಕಾಲಲ್ಲಿ ಕೆಸರಾದ ಬೂಟು. ಎದುರುಮನೆಯ ಬಾಟ್ಲಿಯಮ್ಮ ದೂರದಿಂದಲೇ ನೋಡಿ ತಟ್ಟೆ ಬಡಿದಳು. ಗುಂಡಿಯಕ್ಕ ತಮ್ಮನನ್ನು ಅಂಗಿಯ ಹಿಂದೆ ಮರೆಮಾಡಿ, ಕೈ ಒರೆಸಿಕೊಳ್ಳುತ್ತ ನಲ್ಲಿಯ ಹತ್ತಿರಕ್ಕೇ ಹೋಗಿ ಹುಡುಗಿಯನ್ನು ತಡೆದು ನಿಲ್ಲಿಸಿದಳು.

"ಈ ಓಣೀಲಿ ಹಾಸಿಗೆ ಹಿಡಿದೋರು, ನಡೆಯೋಕೆ ಆಗದೋರು ಯಾರಾದ್ರೂ ಇದಾರಾ ಅಮ್ಮ?"

ಗುಂಡಿಯಕ್ಕನ ಮುಖದಲ್ಲಿ ನಗು ಮೂಡಿತು. "ಇಲ್ಲ ಕಣಮ್ಮ. ಇಲ್ಲಿ ಎಲ್ರೂ ಗಟ್ಟಿಮುಟ್ಟು. ದುಡಿದು ತಿನ್ನೋ ಜನ, ಮಲಗಿದ್ರೆ ನಡೆಯುತ್ತಾ?"

"ಒಳ್ಳೇದಕ್ಕೇ ಕೇಳ್ತಿರೋದು ಅಮ್ಮ. ಹೆದರ್ಕೋಬೇಡಿ."

ಒಳ್ಳೆಯದಕ್ಕೇ ಎಂದು ಹೇಳದೆ ಯಾರು ಬಂದಿದ್ದರು? ಟೀ ಕುಡಿದವನೂ ಅದನ್ನೇ ಹೇಳಿದ್ದ. "ಹೆದರಿಕೆ ಎಂಥದು? ಇದ್ರೆ ತಾನೆ ಹೇಳೋದು" ಎಂದಳು. ಹುಡುಗಿ ಓಣಿಯ ಒಳಗೊಮ್ಮೆ ಇಣುಕಿ ನೋಡಿದಳು. ಸಾಲಾಗಿ ನಿಂತಿದ್ದ ಹೆಂಗಸರು ಸಾಲಾಗಿ ನಕ್ಕರು. ಹುಡುಗಿ ಒಂದು ಸೊನ್ನೆ ಬರೆದು, ಅದರ ಕೆಳಗೆ ಗುಂಡಿಯಕ್ಕನ ಕೈಯಲ್ಲಿ ರುಜು ಹಾಕಿಸಿಕೊಂಡು, ಒಂದು ಲೋಟ ನೀರು ಕುಡಿದು ಹೋದಳು. ಬಾಟ್ಲಿಯಮ್ಮ ಗುಂಡಿಯಕ್ಕನ ಬೆನ್ನು ತಟ್ಟಿ, "ನಿನ್ನ ಬಾಯಿ ಒಂದಿದ್ರೆ ಸಾಕು ಕಣೆ, ಈ ಓಣಿಗೆ ಗೇಟೇ ಬೇಡ" ಎಂದಳು.

ಆ ಚಳಿಗಾಲದಲ್ಲಿ ತಮ್ಮನ ಬೆನ್ನಿನ ಕೆಳಭಾಗದಲ್ಲಿ ಹುಣ್ಣಾಯಿತು. ಮಲಗಿದ್ದಲ್ಲೇ ಮಲಗಿ ಚರ್ಮ ಸವೆದು ಆದ ಹುಣ್ಣು. ಮೊದಲು ಗುಂಡಿಯಷ್ಟಿತ್ತು, ಆಮೇಲೆ ಅಂಗೈಯಷ್ಟಾಯಿತು. ಗುಂಡಿಯಕ್ಕ ಬಿಸಿನೀರಲ್ಲಿ ತೊಳೆದಳು, ಔಷಧಿ ಅಂಗಡಿಯವನು ಕೊಟ್ಟ ಮುಲಾಮು ಹಚ್ಚಿದಳು, ಹಳೆಯ ಬಟ್ಟೆ ಕಟ್ಟಿದಳು. ಆಸ್ಪತ್ರೆಗೆ ಹೊತ್ತುಕೊಂಡು ಹೋಗೋಣ ಎಂದರೆ ಅವನು ಒಪ್ಪಲಿಲ್ಲ; ಡಾಕ್ಟರನ್ನು ಮನೆಗೆ ಕರೆದರೆ ಆ ಓಣಿಗೆ ಯಾವ ಡಾಕ್ಟರೂ ಬರಲಿಲ್ಲ. ಕೋಣೆಯಲ್ಲಿ ಒಂದು ವಾಸನೆ ನಿಂತಿತು. ಅವನಿಗೂ ಅದು ಗೊತ್ತಾಗುತ್ತಿತ್ತು. ಅವನ ತಮಾಷೆಗಳು ಕಡಿಮೆಯಾದವು.

ಒಂದು ದಿನ ಅವಳು ಹೊಲಿದ ಅಂಗಿಗಳನ್ನು ಒಪ್ಪಿಸಿ, ಮೋರಿಯ ಆಚೆಯ ಓಣಿಯಿಂದ ಹಾದು ಬರುತ್ತಿದ್ದಳು. ಅಲ್ಲಿ ಪೊರಕೆ ಮಾರುವವನ ತಾಯಿ ಬಾಗಿಲಲ್ಲಿ ಗಾಲಿ ಕುರ್ಚಿಯ ಮೇಲೆ ಕೂತಿದ್ದಳು. ಒಂದು ಕಡೆಯ ಕೈಕಾಲು ಬಿದ್ದುಹೋಗಿ ಮೂರು ವರ್ಷ ಹೊರಗೆ ಕಾಣದಿದ್ದ ಮುದುಕಿ, ಬಿಸಿಲಿಗೆ ಮುಖವೊಡ್ಡಿ ಕೂತಿದ್ದಳು. ಒಬ್ಬ ನರ್ಸು ನೆಲದ ಮೇಲೆ ಮೊಣಕಾಲೂರಿ ಅವಳ ಹಿಮ್ಮಡಿಯ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದಳು. ಗುಂಡಿಯಕ್ಕ ನಿಂತಲ್ಲೇ ನಿಂತಳು. ಅವಳ ಕಣ್ಣು ಮೊದಲು ಹೋದದ್ದು ಕುರ್ಚಿಯ ಗಾಲಿಗಳ ನಡುವಿನ ಅಗಲಕ್ಕೆ. ನಮ್ಮ ಓಣಿಯ ಎರಡೂ ತಿರುವುಗಳಲ್ಲಿ ಇದು ಹಿಡಿಸುತ್ತದೆ ಎಂದು ಅವಳಿಗೆ ಕೂಡಲೇ ತಿಳಿಯಿತು.

"ವಾರಕ್ಕೆ ಎರಡು ಸಲ ಬರ್ತಾರೆ" ಎಂದ ಪಕ್ಕದಲ್ಲಿ ನಿಂತಿದ್ದ ಪೊರಕೆಯವನು. "ಕುರ್ಚೀನೂ ಅವರೇ ಕೊಟ್ಟಿದ್ದು. ಆವತ್ತು ಒಬ್ಳು ಹುಡುಗಿ ಬರ್ಕೊಂಡು ಹೋದ್ಲಲ್ಲ, ಕೆಸರು ಬೂಟಿನೋಳು?"

ಗುಂಡಿಯಕ್ಕ ನರ್ಸಿನ ಹತ್ತಿರ ಹೋಗಿ, "ನಮ್ಮ ಓಣಿಗೆ ಬರಲ್ವಾ ಮೇಡಂ?" ಎಂದಳು. ನರ್ಸು ಚೀಲದಿಂದ ಹೆಸರುಗಳ ಪಟ್ಟಿ ತೆಗೆದು ಬೆರಳಾಡಿಸಿದಳು. "ಗಾಜಿನ ಕಾರ್ಖಾನೆ ಹಿಂದಿನ ಓಣಿ ತಾನೆ? ಅಲ್ಲಿ ಸೊನ್ನೆ ಇದೆಯಲ್ಲಮ್ಮ. ಯಾರೂ ಇಲ್ಲ ಅಂತ ಬರೆಸಿದಾರೆ. ಪುಣ್ಯವಂತರು ನೀವು" ಎಂದು ನಕ್ಕಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗುಂಡಿಯಕ್ಕನಿಗೆ ಮಾತ್ರ ಯಾರೋ ಕೆನ್ನೆಗೆ ಬಾರಿಸಿದಂತಾಯಿತು.

ಮನೆಗೆ ಬಂದು ತಮ್ಮನ ಪಕ್ಕ ಕೂತಳು. ಹೇಳಬೇಕು ಎಂದು ಬಾಯಿಯವರೆಗೆ ಬಂತು. ಏನೆಂದು ಹೇಳುವುದು? ನಿನ್ನಂಥವರು ಯಾರಾದರೂ ಇದ್ದಾರಾ ಎಂದು ಮನೆಬಾಗಿಲಿಗೆ ಬಂದು ಕೇಳಿದರು, ಇಲ್ಲ ಎಂದು ನಾನೇ ರುಜು ಹಾಕಿ ಕಳಿಸಿದೆ ಎಂದೇ? ನಾಳೆ ಕಚೇರಿಗೆ ಹೋಗುತ್ತೇನೆ, ಕುರ್ಚಿ ಬರಬಹುದು ಎಂದರೆ ಅವನು ಮತ್ತೆ ಬೆರಳು ಮಡಚಿ ದಿನ ಎಣಿಸುತ್ತಾನೆ. ಬಂದ ಮೇಲೆಯೇ ಹೇಳಿದರಾಯಿತು, ಕುರ್ಚಿಯನ್ನೇ ತಂದು ಮುಂದೆ ನಿಲ್ಲಿಸಿದರಾಯಿತು. ಹೀಗೆ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಮುಕ್ಕಾಲು ಪಾಲು ಅದು ನಾಚಿಕೆ ಎಂಬುದು ಅವಳಿಗೆ ಗೊತ್ತಿತ್ತು.

"ಏನಕ್ಕ, ದಾರ ನುಂಗಿದೋಳ ಹಾಗೆ ಕೂತಿದೀಯ?" ಎಂದ ತಮ್ಮ.

"ಏನಿಲ್ಲ. ಸುಸ್ತು."

ಮಾರನೆಯ ದಿನ ಯಾರಿಗೂ ಹೇಳದೆ ಕಚೇರಿಗೆ ಹೋದಳು. ಒಂದು ಗಂಟೆಯ ನಡಿಗೆ. ಅಲ್ಲಿ ಮೂರು ಕಿಟಕಿ, ಮೂರರಲ್ಲೂ ಸಾಲು, ಯಾವ ಕಿಟಕಿ ಯಾವುದಕ್ಕೆ ಎಂದು ಹೇಳುವವರಿಲ್ಲ. ಎರಡು ಸಾಲಿನಲ್ಲಿ ನಿಂತು ಬೈಸಿಕೊಂಡು ಮೂರನೆಯದಕ್ಕೆ ಬಂದಳು. ಕಿಟಕಿಯ ಹಿಂದೆ ನರೆಗೂದಲ ಮೇಡಂ ಒಬ್ಬರಿದ್ದರು. ಇಪ್ಪತ್ತು ವರ್ಷ ಅಧಿಕಾರಿಗಳ ಬಾಯಿ ಮುಚ್ಚಿಸಿದ ಗುಂಡಿಯಕ್ಕನ ನಾಲಿಗೆ ಅಲ್ಲಿ ತಡವರಿಸಿತು.

"ಮೇಡಂ, ನಾನು ಸುಳ್ಳು ಹೇಳಿದೀನಿ."

ಮೇಡಂ ತಲೆ ಎತ್ತಿದರು. ಆ ಕಿಟಕಿಯಲ್ಲಿ ಹಾಗೆಂದು ಯಾರೂ ಹೇಳಿರಲಾರರು. ಪೂರ್ತಿ ಕೇಳಿದರು, ಬೈಯಲಿಲ್ಲ. ಕೋಣೆ ಹೋಗುತ್ತದಾ ಎಂದು ಅವಳು ಕೇಳಿದ್ದಕ್ಕೆ, "ಕೋಣೆಯೋರು ಬೇರೆ, ನಾವು ಬೇರೆ. ನಮ್ಮ ಪಟ್ಟಿ ಅವರಿಗೆ ಹೋಗಲ್ಲ" ಎಂದರು. ಅಷ್ಟು ಸಣ್ಣ ಮಾತು ಮೊದಲೇ ಯಾರಾದರೂ ಓಣಿಗೆ ಬಂದು ಹೇಳಿದ್ದರೆ!

"ಆದ್ರೆ ನಿಮ್ಮ ಬಾಯಿಮಾತಿನ ಮೇಲೆ ಸೇರಿಸೋ ಹಾಗಿಲ್ಲ. ನಮ್ಮೋರೊಬ್ರು ಬಂದು ಕಣ್ಣಾರೆ ನೋಡಬೇಕು. ಈ ಹದಿನೈದು ದಿನದಲ್ಲಿ ಬರ್ತಾರೆ. ಆಮೇಲೆ ಬಿಟ್ಟುಹೋದೋರ ಪಟ್ಟಿ ಮೇಲಕ್ಕೆ ಹೋಗುತ್ತೆ. ಹೋದ್ರೆ ಮತ್ತೆ ಎಣಿಕೆ ಮೂರು ವರ್ಷಕ್ಕೇ."

"ಯಾವತ್ತು ಬರ್ತಾರೆ ಮೇಡಂ?"

"ಅದನ್ನ ಹೇಳೋ ಹಾಗಿಲ್ಲ. ಮನೇಲಿ ಇರಿ."

ಹೊರಡುವಾಗ ಗುಂಡಿಯಕ್ಕ ಮತ್ತೆ ತಿರುಗಿದಳು. ದನಿ ಇಳಿಸಿ, "ಮೇಡಂ, ನಾನೇ ಬಂದು ಹೇಳಿದ್ದು ಅಂತ ನಮ್ಮ ಓಣೀಲಿ ಗೊತ್ತಾಗಬಾರದು" ಎಂದಳು. ಮೇಡಂ ತಲೆಯಾಡಿಸಿ, ಅವಳ ಅರ್ಜಿಯ ಮೂಲೆಯಲ್ಲಿ ಅದನ್ನೂ ಬರೆದುಕೊಂಡರು. ಒಳ್ಳೆಯ ಹೆಂಗಸು, ಕೇಳಿದ್ದನ್ನು ಮಾಡಿದರು.

ಆಮೇಲೆ ಗುಂಡಿಯಕ್ಕ ಬಾಗಿಲಿಗೆ ಕಣ್ಣಿಟ್ಟು ಕೂತಳು. ಅಂಗಿಯ ಗಂಟು ತರಲು ಹೋಗಲಿಲ್ಲ, ನೀರಿಗೆ ಹೋದರೆ ನಲ್ಲಿಯಿಂದ ಓಡಿ ಬರುತ್ತಿದ್ದಳು. ಓಣಿಯವರು ಕೇಳಿದರೆ ಸೊಂಟ ಹಿಡಿದಿದೆ ಎಂದಳು. ಬಾಟ್ಲಿಯಮ್ಮ ಬಿಸಿ ನೀರಿನ ಚೀಲ ತಂದುಕೊಟ್ಟಳು. ಕಾರ್ಖಾನೆ ಎಸೆದ ಬಾಟ್ಲಿ ಆರಿಸಿ ಮೂಟೆ ಕಟ್ಟುವವಳು, ಕೈತುಂಬ ಗಾಜಿನ ಗೀರು, ಬಾಯಿ ಜೋರು, ಕರುಳು ಮೆತ್ತಗೆ. ಅವಳಿಗಾದರೂ ಹೇಳಿಬಿಡೋಣ ಎಂದು ಒಂದು ಮಧ್ಯಾಹ್ನ ಗುಂಡಿಯಕ್ಕ ಶುರುಮಾಡಿದಳು.

"ಅಲ್ಲ ಕಣೆ, ಪುಸ್ತಕ ಹಿಡ್ಕೊಂಡು ಬರೋರೆಲ್ಲ ಕೆಟ್ಟೋರೇ ಇರ್ತಾರೆ ಅಂತೀಯಾ?"

"ನೀನೇ ಹೇಳಿಕೊಟ್ಟು ನೀನೇ ಕೇಳ್ತೀಯಲ್ಲ!" ಎಂದು ಬಾಟ್ಲಿಯಮ್ಮ ಕಣ್ಣರಳಿಸಿದಳು. "ಬುಟ್ಟಿಯೋನ ಅತ್ತೆ ರಸ್ತೇಲಿ ಸತ್ತಿದ್ದು ಮರೆತೋಯ್ತಾ? ಪುಸ್ತಕದೋರಿಗೆ ಬಾಯಿಬಿಟ್ಟೋರು ಈ ಓಣೀಲಿ ಇರೋ ಹಾಗಿಲ್ಲ ಅಂತ ಆಣೆ ಹಾಕಿಸಿದೋಳು ನೀನು."

ಗುಂಡಿಯಕ್ಕ ದಾರವನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಹದಿನಾಲ್ಕು ದಿನ ಕಳೆಯಿತು. ಹದಿನೈದನೆಯ ದಿನ ಬೆಳಿಗ್ಗೆ ಅಂಗಿ ಕೊಡುವ ಯಜಮಾನನಿಂದ ಮಾತು ಬಂತು: ಕೈಯಲ್ಲಿರುವ ಮಾಲನ್ನು ಮಧ್ಯಾಹ್ನ ಮೂರರೊಳಗೆ ಮುಗಿಸಿ ಒಪ್ಪಿಸದಿದ್ದರೆ ಇನ್ನು ಕೆಲಸ ಬೇರೆಯವರಿಗೆ. ಹೋಗಿ ಬರಲು ಮುಕ್ಕಾಲು ಗಂಟೆ. ತಮ್ಮನಿಗೆ ಹಿಂದಿನ ಸಂಜೆಯಿಂದ ಜ್ವರ ಬಂದು ಈಗಷ್ಟೇ ಕಣ್ಣು ಹತ್ತಿತ್ತು. ಅವನ ತಲೆಯ ಹತ್ತಿರ ನಿಂತಳು. ಎಬ್ಬಿಸಿ ಹೇಳಿಹೋಗಲೇ, ಯಾರಾದರೂ ಬಂದು ಕರೆದರೆ ಓಗೊಡು ಎಂದು? ಎಬ್ಬಿಸಿದರೆ ಯಾಕೆ, ಏನು ಎಂದು ಎಲ್ಲ ಹೇಳಬೇಕಾಗುತ್ತದೆ. ಮುಕ್ಕಾಲು ಗಂಟೆ ತಾನೆ ಎಂದುಕೊಂಡು, ಬಾಗಿಲು ಮುಂದೆ ಮಾಡಿ, ಗಂಟು ತಲೆಯ ಮೇಲಿಟ್ಟುಕೊಂಡು ಬಿರಬಿರನೆ ನಡೆದಳು.

ವಾಪಸು ಬರುವಾಗ ನಲ್ಲಿಯ ಹತ್ತಿರ ಅರ್ಧ ಓಣಿ ನಿಂತಿತ್ತು. ಎಲ್ಲರ ಮುಖವೂ ಅರಳಿತ್ತು. ಬಾಟ್ಲಿಯಮ್ಮನ ಕೈಯಲ್ಲಿ ತಟ್ಟೆ, ಸೌಟು ಹಾಗೇ ಇದ್ದವು.

"ಗೆದ್ವಿ ಕಣೆ! ನೀನಿಲ್ಲ ಅಂತ ಕೈಕಾಲೇ ಆಡಲಿಲ್ಲ ಮೊದ್ಲು. ಒಬ್ಬ ಬಂದಿದ್ದ, ಪುಸ್ತಕ ಹಿಡ್ಕೊಂಡು, ಸೀದಾ ನಿನ್ನ ಬಾಗಿಲಿಗೇ. ನಮ್ಮನೆ ಬಾಟ್ಲಿ ಮೂಟೆ ಆರೂ ತಂದು ನಿನ್ನ ತಮ್ಮನ ಮುಂದೆ ಒಟ್ಟಿಬಿಟ್ವಿ. ಇಲ್ಲಿ ನಡೆಯೋಕಾಗದ ಗಂಡಸು ಒಬ್ಬ ಇದಾನಂತಲ್ಲ ಅಂದ. ಯಾರು ಹೇಳಿದ್ದು ಅಂದೆ. ಹೇಳೋ ಹಾಗಿಲ್ಲ ಅಂದ. ನೋಡಿದ್ಯಾ, ಯಾರೋ ಚಾಡಿ ಹೇಳಿದಾರೆ! ಸಿಗಲಿ ನನ್ನ ಕೈಗೆ, ನಾಲಿಗೆ ಕಿತ್ತು ಕೈಗೆ ಕೊಡ್ತೀನಿ."

ಗುಂಡಿಯಕ್ಕ ತನ್ನ ಮನೆಯ ಕಡೆ ತಿರುಗಿ ನೋಡುತ್ತಿದ್ದಂತೆ ಬಾಟ್ಲಿಯಮ್ಮ ಮುಂದುವರಿಸಿದಳು.

"ನಗ್ತಾ ನಗ್ತಾ, ಅಂಥೋರು ಯಾರೂ ಇಲ್ಲ ಅಂದ್ವಿ. ಬಿಡಲೇ ಇಲ್ಲ ಪುಣ್ಯಾತ್ಮ. ಬಾಗಿಲು ತೆಗೆದು, ಒಳಗೆ ಯಾರಾದ್ರೂ ಇದೀರಾ, ಇದ್ರೆ ಒಂದು ಸಲ ಓ ಅನ್ನಿ ಅಂತ ಕೂಗಿದ. ಒಂದಲ್ಲ, ಮೂರು ಸಲ. ನಿನ್ನ ತಮ್ಮ ಭೇಷ್ ಕಣೆ, ಉಸಿರು ಬಿಡಲಿಲ್ಲ. ಆದ್ರೂ ಅವನು ಹೋಗೋ ಹಾಗೆ ಕಾಣಲಿಲ್ಲ. ಆಗ ನಿನ್ನ ಪಾಠ ನೆನಪಾಯ್ತು ನೋಡು. ಇದ್ದ ಸ್ವಾಮಿ, ಹೋದ ತಿಂಗಳು ತೀರ್ಕೊಂಡ ಅಂದುಬಿಟ್ಟೆ. ಎಲ್ರೂ ಹೌದು ಹೌದು ಅಂದ್ರು. ಛೆ ಪಾಪ ಅಂದ, ಬರ್ಕೊಂಡ, ಹೋದ."

ಹುಡುಗಿಯರು ಚಪ್ಪಾಳೆ ತಟ್ಟಿದರು. ಗುಂಡಿಯಕ್ಕ ಎಲ್ಲರ ಮುಖ ನೋಡಿದಳು. ಒಬ್ಬೊಬ್ಬರೂ ತನ್ನನ್ನು ಕಾಪಾಡಿದ ಸಂತೋಷದಲ್ಲಿದ್ದರು. ಯಾರನ್ನು ಬೈಯುವುದು? ತಲೆಯ ಸಿಂಬಿ ಕೆಳಗೆಸೆದು ಬಂದ ದಾರಿಯಲ್ಲೇ ಓಡಿದಳು. "ಸೊಂಟ ಹಿಡಿದಿದೆ ಅಂದ್ಲಲ್ಲ?" ಎಂದು ಯಾರೋ ಹಿಂದಿನಿಂದ ನಕ್ಕಿದ್ದು ಕೇಳಿಸಿತು.

ಕಚೇರಿ ಮುಟ್ಟಿದಾಗ ಮೂರನೆಯ ಕಿಟಕಿ ಮುಚ್ಚುತ್ತಿತ್ತು. ಮೇಡಂ ಅವಳನ್ನು ಗುರುತಿಸಿ, ಅವಳು ಬಾಯಿ ತೆರೆಯುವ ಮೊದಲೇ, "ಗೊತ್ತಾಯ್ತಮ್ಮ. ನಿಮ್ಮ ತಮ್ಮನ ವಿಷಯ. ತುಂಬಾ ಬೇಜಾರಾಯ್ತು" ಎಂದರು.

"ಬದುಕಿದಾನೆ ಮೇಡಂ! ಅವರು ಸುಳ್ಳು ಹೇಳಿದ್ದು. ನಾನೇ ಕಲಿಸಿದ್ದು."

ಮೇಡಂ ಬಹಳ ಹೊತ್ತು ಅವಳನ್ನೇ ನೋಡಿದರು. ಆ ನೋಟದಲ್ಲಿ ಕನಿಕರ ಇತ್ತು, ಅದರ ಜೊತೆ ಇನ್ನೊಂದು ಇತ್ತು: ಈ ಹೆಂಗಸಿನ ಯಾವ ಮಾತನ್ನು ನಂಬಬೇಕು ಎಂಬ ದಣಿವು. "ಪಟ್ಟಿ ಆಗಲೇ ಹೋಯ್ತು. ನನ್ನ ಕೈಲಿಲ್ಲ. ಬದುಕಿದಾರೆ ಅಂತ ಒಂದು ಪತ್ರ ಮಾಡಿಸಿ ತನ್ನಿ. ಮುಂದಿನ ಎಣಿಕೆಯಲ್ಲಿ ಸೇರಿಸೋಣ" ಎಂದು, ಕಿಟಕಿ ಎಳೆದುಕೊಂಡರು.

ಗುಂಡಿಯಕ್ಕ ಮನೆಗೆ ಬಂದಾಗ ಸಂಜೆ ಬಿಸಿಲು ಇಳಿಯುತ್ತಿತ್ತು. ಒಂದೊಂದೇ ಮೂಟೆಯನ್ನು ಎಳೆದು ಹೊರಗೆ ಹಾಕಿದಳು, ಒಳಗೆ ಗಾಜು ಕಿಣಿಕಿಣಿ ಎಂದಿತು. ಮೂಟೆಗಳ ಹಿಂದೆ ತಮ್ಮ ಜ್ವರದ ಬೆವರಿನಲ್ಲಿ ತೊಯ್ದುಹೋಗಿದ್ದ. ಕಣ್ಣು ಮಾತ್ರ ಹೊಳೆಯುತ್ತಿತ್ತು. ಎಷ್ಟೋ ದಿನಗಳ ಮೇಲೆ ಹಳೆಯ ನಗು ಮುಖಕ್ಕೆ ಬಂದಿತ್ತು.

"ಎಲ್ಲಿಗೋಗಿದ್ದೆ ಅಕ್ಕ? ನಾನು ಸತ್ತ ದಿನಾನೇ ನೀನು ಮನೇಲಿಲ್ಲ! ಬಾಟ್ಲಿಯಕ್ಕ ಎಷ್ಟು ಚೆನ್ನಾಗಿ ಸಾಯಿಸಿದ್ಲು ಗೊತ್ತಾ? ಅವಳು ಮೂಗು ಸೊರ್ ಅನ್ನಿಸಿದ್ದು ಕೇಳಿ ನನಗೇ ಅಳು ಬಂತು. ಮಧ್ಯೆ ಕೆಮ್ಮು ಬಂದುಬಿಡ್ತು ನೋಡು. ಅಂಗಿ ತೋಳು ಬಾಯಿಗೆ ತುರುಕ್ಕೊಂಡು ನುಂಗಿಬಿಟ್ಟೆ. ಮೂರು ಸಲ ಕರೆದ್ರೂ ಉಸಿರು ಬಿಡಲಿಲ್ಲ. ನಿನ್ನ ಕೋಣೆ ಉಳೀತು ಬಿಡು."

ಅವಳು ಮಂಚದ ಅಂಚಿನಲ್ಲಿ ಕೂತಳು. ಅವನ ಹಣೆಯ ಬೆವರು ಒರೆಸಲು ಹೋದ ಕೈ ಅರ್ಧಕ್ಕೇ ನಿಂತಿತು. ಟೀ ಲೋಟ ಹಿಡಿದು ಬಂದ ಬಾಟ್ಲಿಯಮ್ಮ ಬಾಗಿಲಲ್ಲೇ ನಿಂತಳು.

"ಅಲ್ಲಕ್ಕ, ಈ ಸಲ ಏನು ಎಣಿಸೋಕೆ ಬಂದಿದ್ರು?"

ಸುಳ್ಳು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷದಲ್ಲಿ ಅದು ಒಂದು ಸಲವೂ ಅವಳಿಗೆ ಕೈಕೊಟ್ಟಿರಲಿಲ್ಲ. ಅವಳು ಅದನ್ನು ಹೇಳಲಿಲ್ಲ.

"ನಿನ್ನನ್ನ ನೋಡೋಕೆ ಬಂದಿದ್ರು ತಮ್ಮಾ. ಹುಣ್ಣಿಗೆ ಪಟ್ಟಿ ಕಟ್ಟೋಕೆ ನರ್ಸಮ್ಮನ್ನ ಕಳಿಸ್ತಿದ್ರು. ಗಾಲಿ ಕುರ್ಚಿ ಕೊಡ್ತಿದ್ರು. ನಾನೇ ಹೋಗಿ ಕೇಳ್ಕೊಂಡು ಬಂದಿದ್ದೆ. ಮೊದಲ್ನೇ ಸಲ ಬಂದಾಗ ಇಲ್ಲ ಅಂತ ರುಜು ಹಾಕಿದೋಳೂ ನಾನೇ. ನಿನಗೆ ಹೇ‌ಳೋಕೆ ಮುಖ ಇರಲಿಲ್ಲ."

ಬಾಟ್ಲಿಯಮ್ಮನ ಕೈಯ ಲೋಟ ಓರೆಯಾಗಿ ಟೀ ಹೊಸಿಲ ಮೇಲೆ ಸುರಿಯಿತು. ಅವಳಿಗೆ ಅದು ತಿಳಿಯಲಿಲ್ಲ.

ತಮ್ಮ ಬಾಗಿಲಿನ ಕಡೆ ನೋಡಿದ. ಓಣಿಯ ಆ ತುದಿಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಅಲ್ಲಿಗೆ ನಲವತ್ತು ಹೆಜ್ಜೆ. ಅವನ ಮುಖದ ನಗು ಒಂದೇ ಸಲ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ಒಳ್ಳೇ ದನಿ ಇತ್ತು ಅವರದು" ಎಂದ ಕೊನೆಗೆ. "ಮೂರನೇ ಸಲ ಕೂಗಿದಾಗ ಯಾಕೋ ಓ ಅನ್ನಬೇಕು ಅನ್ನಿಸ್ತು."

ಬಾಯಿಗೆ ತುರುಕಿಕೊಂಡಿದ್ದ ಅಂಗಿಯ ತೋಳು ಇನ್ನೂ ಅವನ ಕೈಯಲ್ಲಿತ್ತು. ಅದರ ತುದಿಯ ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತ ಅವನು ಅವಳ ಕಡೆ ನೋಡದೆ ಹೇಳಿದ.

"ಒಂದು ಮಾತು ಹೇಳಬಾರದಿತ್ತಾ ಅಕ್ಕ."